ಓಝಿಲ್ ಯಾರ ಕಡೆಯವನು?

ಮೊನ್ನೆ ಬೆಳಗ್ಗಿನ ಮದ್ರಸಕ್ಕೆ ಏಳನೇ ಕ್ಲಾಸಿನ ಹುಡುಗನೊಬ್ಬ ಕೆಂಪು ಬಣ್ಣದ ಹಳೆಯ ಜೆರ್ಸಿ ಹಾಕಿಕೊಂಡು ಬಂದಿದ್ದ. ಬೆನ್ನಲ್ಲಿ ಓಝಿಲ್ ಎಂಬ ಹೆಸರು, ಅದರ ಕೆಳಗೆ 11. ದುಬೈಯಲ್ಲಿರುವ ಅಣ್ಣ ತಂದದ್ದಂತೆ. ಅಣ್ಣನಿಗೆ ಬಿಗಿಯಾದ ಮೇಲೆ ಇವನ ಪಾಲಿಗೆ ಬಂದಿದೆ. "ಇವ ಯಾರು ಗೊತ್ತುಂಟಾ?" ಎಂದು ಕೇಳಿದೆ. "ಗೊತ್ತುಂಟು ಉಸ್ತಾದ್, ಉಮ್ರಾ ಮಾಡಿದ ಪ್ಲೇಯರ್. ಎರ್ದೊಗಾನ್ ಒಟ್ಟಿಗೆ ಫೋಟೊ ಉಂಟು" ಎಂದ. "ಆಟ ಹೇಗೆ ಆಡ್ತಿದ್ದ?" ಎಂದದ್ದಕ್ಕೆ ತಲೆ ಕೆರೆದುಕೊಂಡು ಪಕ್ಕದವನ ಮುಖ ನೋಡಿದ. ಪಕ್ಕದವನಿಗೂ ಗೊತ್ತಿರಲಿಲ್ಲ.

ತಪ್ಪು ಮಕ್ಕಳದ್ದಲ್ಲ. ಮೆಸೂಟ್ ಓಝಿಲ್ ಬೂಟು ಕಳಚಿದ್ದು 2023ರ ಮಾರ್ಚಿನಲ್ಲಿ. ಅದಕ್ಕೆ ಎಷ್ಟೋ ವರ್ಷ ಮೊದಲೇ ಅವನ ಆಟದ ಮಾತು ಹಿಂದಕ್ಕೆ ಸರಿದು, ಫೋಟೊಗಳ ಮಾತೇ ಮುಂದೆ ಬಂದಿತ್ತು. ಜರ್ಮನಿಯವರಿಗೆ ಒಂದು ಫೋಟೊ, ತುರ್ಕಿಯವರಿಗೆ ಇನ್ನೊಂದು, ನಮ್ಮಂಥವರಿಗೆ ಮತ್ತೊಂದು. ಒಬ್ಬ ಆಟಗಾರನ ಹಿಂದೆ ಇಷ್ಟೊಂದು ಜನ 'ಇವ ನಮ್ಮವ', 'ಇವ ನಮ್ಮವ ಅಲ್ಲ' ಎಂದು ಜಗಳಾಡಿದ್ದು ಕಡಿಮೆ. ನಾನೇನೂ ಫುಟ್ಬಾಲ್ ಪಂಡಿತನಲ್ಲ. ಆದರೆ 2010ರ ವಿಶ್ವಕಪ್ ಹೊತ್ತಿಗೆ ರಾತ್ರಿ ನಿದ್ದೆಗೆಟ್ಟು ನೋಡಿದವರಲ್ಲಿ ನಾನೂ ಒಬ್ಬ. ಹಾಗಾಗಿ ಆ ಹುಡುಗನಿಗೆ ಕ್ಲಾಸಿನಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಹೆಸರಿನಿಂದಲೇ ಶುರು ಮಾಡುವ. ಮೆಸೂಟ್ ಎಂದರೆ ಬೇರೇನಲ್ಲ, ನಮ್ಮ ಮಸೂದ್. ಅರಬಿಯ ಮಸ್‌ಊದ್ ತುರ್ಕಿ ಬಾಯಲ್ಲಿ ಹಾಗಾಗಿದೆ. ಭಾಗ್ಯವಂತ ಎಂದು ಅರ್ಥ. ಹುಟ್ಟಿದ್ದು 1988ರ ಅಕ್ಟೋಬರ್ 15ರಂದು, ಆಗಿನ ಪಶ್ಚಿಮ ಜರ್ಮನಿಯ ಗೆಲ್ಸೆನ್‌ಕಿರ್ಷೆನ್ ಎಂಬ ಊರಿನಲ್ಲಿ. ರೂರ್ ಪ್ರದೇಶದ ಊರು ಅದು. ನೆಲದಡಿ ಕಲ್ಲಿದ್ದಲು, ನೆಲದ ಮೇಲೆ ಉಕ್ಕಿನ ಕಾರ್ಖಾನೆ. ಯುದ್ಧ ಮುಗಿದ ಮೇಲೆ ದೇಶ ಕಟ್ಟಲು ಜರ್ಮನಿಗೆ ಕೈಗಳು ಸಾಲದೆ ಬಂದವು. 1961ರಲ್ಲಿ ತುರ್ಕಿಯೊಂದಿಗೆ ಒಪ್ಪಂದವಾಯಿತು. ಲಕ್ಷಗಟ್ಟಲೆ ತುರ್ಕಿ ಗಂಡಸರು ರೈಲು ಹತ್ತಿದರು. ಅವರನ್ನು ಅಲ್ಲಿ ಕರೆದದ್ದು 'ಅತಿಥಿ ಕೆಲಸಗಾರರು' ಎಂದು. ಅತಿಥಿ ಎಂದರೆ ಒಂದು ದಿನ ಎದ್ದು ಹೋಗುವವನು ಎಂದೇ ಲೆಕ್ಕ. ಆದರೆ ಇವರು ಹೋಗಲಿಲ್ಲ. ಹೆಂಡತಿ ಮಕ್ಕಳನ್ನು ಕರೆಸಿಕೊಂಡರು.

ಓಝಿಲನ ಅಜ್ಜ ಹೋದದ್ದು ತುರ್ಕಿಯ ಕರಿ ಸಮುದ್ರದ ಕರಾವಳಿಯ ಝೊಂಗುಲ್ಡಾಕ್ ಸೀಮೆಯಿಂದ. ಅದೂ ಕಲ್ಲಿದ್ದಲಿನ ಊರೇ. ಒಂದು ಗಣಿಯ ಊರು ಬಿಟ್ಟು ಇನ್ನೊಂದು ಗಣಿಯ ಊರು ಸೇರಿದ ಹಾಗಾಯಿತು. ಅಪ್ಪ ಮುಸ್ತಫಾ ಜರ್ಮನಿಗೆ ಬಂದಾಗ ಇನ್ನೂ ಎಳೆಯ ಮಗು. ಗಲ್ಫಿಗೆ ಹೋದವರ ಮನೆಗಳಲ್ಲಿ ಬೆಳೆದ ನಮಗೆ ಈ ಕಥೆ ಹೊಸತಲ್ಲ. ವ್ಯತ್ಯಾಸ ಇಷ್ಟೇ: ನಮ್ಮವರಿಗೆ ಹಿಂದೆ ಬರುವ ದಿನ ಉಂಟೆಂದು ಹೋಗುವಾಗಲೇ ಗೊತ್ತು. ಅಲ್ಲಿ ಮೂರನೇ ತಲೆಮಾರಿನ ಮಗು ಜರ್ಮನಿಯ ಆಸ್ಪತ್ರೆಯಲ್ಲೇ ಹುಟ್ಟಿದರೂ ಆಗಿನ ಕಾನೂನಿನ ಪ್ರಕಾರ ಹುಟ್ಟಿನಿಂದ ಜರ್ಮನ್ ಆಗುತ್ತಿರಲಿಲ್ಲ. ಆ ಕಾನೂನು ಸಡಿಲವಾದದ್ದು 2000ದಲ್ಲಿ. ಓಝಿಲ್ ಆಮೇಲೆ ತುರ್ಕಿಯ ಪೌರತ್ವ ಬಿಟ್ಟುಕೊಟ್ಟು ಜರ್ಮನ್ ಪಾಸ್‌ಪೋರ್ಟ್ ತೆಗೆದುಕೊಂಡ. ಎರಡನ್ನೂ ಇಟ್ಟುಕೊಳ್ಳುವ ಅವಕಾಶ ಆಗ ಇರಲಿಲ್ಲ.

ಮನೆ ಇದ್ದದ್ದು ಬಿಸ್ಮಾರ್ಕ್ ಎಂಬ ಪೇಟೆಯಲ್ಲಿ. ಅಲ್ಲಿ ಸುತ್ತಲೂ ಕಬ್ಬಿಣದ ಬೇಲಿ ಹಾಕಿದ ಒಂದು ಸಣ್ಣ ಮೈದಾನ. ಊರಿನ ಮಕ್ಕಳು ಅದನ್ನು 'ಮಂಗನ ಬೋನು' ಎಂದು ಕರೆಯುತ್ತಿದ್ದರು. ಬೇಲಿ ಇರುವುದರಿಂದ ಚೆಂಡು ಹೊರಗೆ ಹೋಗುವ ಮಾತೇ ಇಲ್ಲ, ಆಟ ನಿಲ್ಲುವುದೂ ಇಲ್ಲ. ಜಾಗ ಚಿಕ್ಕದು, ಆಡುವವರು ಜಾಸ್ತಿ. ತಲೆಯೆತ್ತಿ ಸುತ್ತ ನೋಡದೆ ಚೆಂಡು ಮುಟ್ಟಿದರೆ ಕಾಲಿಗೆ ಪೆಟ್ಟು ಬೀಳುವುದೇ. ಅವನ ಆಟದ ಗುಣವೆಲ್ಲ ಅಲ್ಲಿಂದಲೇ ಬಂತೆಂದು ನನಗನಿಸುತ್ತದೆ. ಅದೇ ಊರಿನಲ್ಲಿ ಹುಟ್ಟಿದ ಬೇರೆಯವರ ಹೆಸರು ಕೇಳಿದರೆ ಆಶ್ಚರ್ಯವಾದೀತು. ಗೋಲ್‌ಕೀಪರ್ ಮಾನುವೆಲ್ ನೊಯರ್ ಅಲ್ಲಿಯವ. ಇಲ್ಕಾಯ್ ಗುಂಡೊಗಾನ್ ಅಲ್ಲಿಯವ. ತುರ್ಕಿ ತಂಡಕ್ಕೆ ಆಡಿದ ಹಮಿತ್ ಅಲ್ತಿನ್‌ತೋಪ್ ಕೂಡ ಅಲ್ಲಿಯವನೇ.

ರಾಟ್ ವೈಸ್ ಎಸ್ಸೆನ್ ಎಂಬ ಕ್ಲಬ್ಬಿನ ಮಕ್ಕಳ ತಂಡದಲ್ಲಿ ಐದು ವರ್ಷ, ಆಮೇಲೆ ಸ್ವಂತ ಊರಿನ ಶಾಲ್ಕೆ. 2008ರ ಜನವರಿಯಲ್ಲಿ ಶಾಲ್ಕೆಯವರೊಂದಿಗೆ ಸರಿಹೋಗದೆ ವೆರ್ಡರ್ ಬ್ರೆಮೆನ್ ಸೇರಿದ. ಅಲ್ಲಿ ಹೂವಿನ ಹಾಗೆ ಅರಳಿದ ಎಂದರೆ ಹೆಚ್ಚಲ್ಲ. 2009ರ ಮೇ ತಿಂಗಳಲ್ಲಿ ಜರ್ಮನ್ ಕಪ್ ಫೈನಲ್‌ನಲ್ಲಿ ಲೆವರ್‌ಕುಸೆನ್ ವಿರುದ್ಧ ಬ್ರೆಮೆನ್ 1-0ಯಲ್ಲಿ ಗೆದ್ದಿತು. ಆ ಒಂದು ಗೋಲು ಇವನದ್ದು. ಮುಂದಿನ ತಿಂಗಳೇ ಸ್ವೀಡನ್‌ನಲ್ಲಿ 21 ವರ್ಷದೊಳಗಿನವರ ಯೂರೋ ಕಪ್. ಫೈನಲ್‌ನಲ್ಲಿ ಇಂಗ್ಲೆಂಡಿಗೆ 4-0. ಆ ಹುಡುಗರ ತಂಡದಲ್ಲಿ ನೊಯರ್, ಹುಮ್ಮೆಲ್ಸ್, ಬೊವಾಟೆಂಗ್, ಖೆದೀರಾ, ಓಝಿಲ್ ಎಲ್ಲ ಇದ್ದರು. ಐದು ವರ್ಷದ ನಂತರ ವಿಶ್ವಕಪ್ ಎತ್ತಿದ್ದೂ ಇವರೇ.

2010ರ ದಕ್ಷಿಣ ಆಫ್ರಿಕಾ. ಜರ್ಮನಿಯ ನಾಯಕ ಬಲ್ಲಾಕ್ ಗಾಯಗೊಂಡು ಹೊರಗುಳಿದಿದ್ದ. ಮುದುಕರ ತಂಡ, ಒರಟು ಆಟ ಎಂದು ಜನ ಬೇಸತ್ತಿದ್ದ ಜರ್ಮನಿ ಒಮ್ಮೆಲೇ ಹೊಸ ಮುಖಗಳೊಂದಿಗೆ ಬಂತು. 23 ಜನರಲ್ಲಿ 11 ಜನ ವಲಸೆ ಬಂದ ಮನೆಗಳ ಮಕ್ಕಳು. ಖೆದೀರಾನ ಅಪ್ಪ ಟುನೀಶಿಯಾದವರು, ಬೊವಾಟೆಂಗ್‌ನ ಅಪ್ಪ ಘಾನಾದವರು, ಕ್ಲೋಸೆ ಮತ್ತು ಪೊಡೋಲ್‌ಸ್ಕಿ ಪೋಲೆಂಡಿನಲ್ಲಿ ಹುಟ್ಟಿದವರು. ಇವರ ನಡುವೆ ದೊಡ್ಡ ಕಣ್ಣಿನ, ಸಣಕಲು ಮೈಯ, ಮಾತೇ ಆಡದ ಓಝಿಲ್. ಘಾನಾ ವಿರುದ್ಧ ಗೆಲ್ಲಲೇಬೇಕಾದ ಪಂದ್ಯದಲ್ಲಿ ದೂರದಿಂದ ಎಡಗಾಲಲ್ಲಿ ಹೊಡೆದು ಗೆಲ್ಲಿಸಿದ. ಇಂಗ್ಲೆಂಡ್ ವಿರುದ್ಧ 4-1. ಆ ನಾಲ್ಕನೇ ಗೋಲು ನೋಡಿದವರು ಮರೆಯಲಿಕ್ಕಿಲ್ಲ. ಮೈದಾನದ ಎಡಬದಿಯಲ್ಲಿ ಗರೆತ್ ಬ್ಯಾರಿಯನ್ನು ಹಿಂದೆ ಹಾಕಿ ಓಡಿದ ರೀತಿ ಹೇಗಿತ್ತೆಂದರೆ, ಒಬ್ಬ ಬೈಕಿನಲ್ಲಿ, ಇನ್ನೊಬ್ಬ ನಡೆದುಕೊಂಡು ಹೋಗುತ್ತಿದ್ದಾನೆ ಎಂದು ಕಾಣಬೇಕು. ಕೊನೆಗೆ ತಾನೇ ಹೊಡೆಯಬಹುದಿತ್ತು. ಹೊಡೆಯಲಿಲ್ಲ. ಪಕ್ಕಕ್ಕೆ ಮ್ಯೂಲರ್‌ಗೆ ಕೊಟ್ಟ.

ಓಝಿಲ್ ಎಂದರೆ ಇದುವೇ. ಅವನು ಕೊಡುವವನು. ಗೋಲು ಹೊಡೆಯುವವನ ಹೆಸರು ಎಲ್ಲರಿಗೂ ಗೊತ್ತಿರುತ್ತದೆ. ಹೊಡೆಯುವ ಹಾಗೆ ಚೆಂಡು ಇಟ್ಟುಕೊಟ್ಟವನನ್ನು ಹುಡುಕಬೇಕು. ರೊನಾಲ್ಡೊ ಓಡುವ ಮೊದಲೇ ರೊನಾಲ್ಡೊ ಎಲ್ಲಿಗೆ ಬರುತ್ತಾನೆಂದು ತಿಳಿದು ಅಲ್ಲಿಗೆ ಚೆಂಡು ಕಳಿಸುವುದು ಸುಲಭದ ಕೆಲಸವಲ್ಲ.

ಆ ವಿಶ್ವಕಪ್ ಮುಗಿದದ್ದೇ ರಿಯಲ್ ಮ್ಯಾಡ್ರಿಡ್ ಅವನನ್ನು ಖರೀದಿಸಿತು. ಮೌರಿನ್ಯೊ ಕೋಚ್. 2011-12ರ ಲೀಗ್‌ನಲ್ಲಿ ಮ್ಯಾಡ್ರಿಡ್ 100 ಪಾಯಿಂಟ್, 121 ಗೋಲು ಗಳಿಸಿ ಬಾರ್ಸಿಲೋನಾವನ್ನು ಹಿಂದಿಕ್ಕಿತು. ಅದರಲ್ಲಿ 17 ಗೋಲಿಗೆ ಕೊನೆಯ ಪಾಸ್ ಓಝಿಲನದ್ದು. 2013ರ ಸೆಪ್ಟೆಂಬರ್ 2ರಂದು ಲಂಡನ್ನಿನ ಆರ್ಸೆನಲ್ 42.5 ಮಿಲಿಯ ಪೌಂಡ್ ಕೊಟ್ಟು ಅವನನ್ನು ತೆಗೆದುಕೊಂಡಿತು. ಆ ಕ್ಲಬ್ಬು ಅಲ್ಲಿಯವರೆಗೆ ಅಷ್ಟು ಹಣ ಯಾರಿಗೂ ಕೊಟ್ಟಿರಲಿಲ್ಲ. ಜಿಪುಣನೆಂದು ಹೆಸರಾಗಿದ್ದ ಕೋಚ್ ವೆಂಗರ್ ಸಂಚಿ ಬಿಚ್ಚಿದ್ದೇ ದೊಡ್ಡ ಸುದ್ದಿ. ಒಂಬತ್ತು ವರ್ಷದಿಂದ ಒಂದು ದೊಡ್ಡ ಕಪ್ಪೂ ಇಲ್ಲದೆ ಕೂತಿದ್ದ ಕ್ಲಬ್ಬಿಗೆ 2014, 2015, 2017ರಲ್ಲಿ ಎಫ್ಎ ಕಪ್ ಬಂತು. 2015-16ರಲ್ಲಿ ಪ್ರೀಮಿಯರ್ ಲೀಗ್‌ನಲ್ಲಿ 19 ಅಸಿಸ್ಟ್. ಆಗಿನ ದಾಖಲೆ ತಿಯರಿ ಆನ್ರಿಯ 20. ಒಂದೇ ಒಂದು ಕಡಿಮೆ.

ನಮ್ಮ ಹುಡುಗರು ಅವನ ಒಂದೇ ಗೋಲು ನೋಡುವುದಾದರೆ 2016ರ ನವೆಂಬರ್ 1ರದ್ದನ್ನು ನೋಡಲಿ. ಬಲ್ಗೇರಿಯಾದ ಸೋಫಿಯಾದಲ್ಲಿ ಲುಡೊಗೊರೆಟ್ಸ್ ಎಂಬ ಕ್ಲಬ್ಬಿನ ವಿರುದ್ಧ ಚಾಂಪಿಯನ್ಸ್ ಲೀಗ್ ಪಂದ್ಯ. ಆರ್ಸೆನಲ್ 0-2 ಹಿಂದಿದ್ದು 2-2 ಮಾಡಿಕೊಂಡಿತ್ತು. ಮುಗಿಯಲು ಎರಡು ಮೂರು ನಿಮಿಷ ಬಾಕಿ. ಹಿಂದಿನಿಂದ ಎಲ್‌ನೆನಿ ಉದ್ದಕ್ಕೆ ಚೆಂಡು ಕಳಿಸಿದ. ಓಝಿಲ್ ಒಬ್ಬನೇ ಓಡುತ್ತಿದ್ದಾನೆ, ಎದುರು ಗೋಲಿ ಓಡಿ ಬರುತ್ತಿದ್ದಾನೆ. ಚೆಂಡನ್ನು ಗೋಲಿಯ ತಲೆ ಮೇಲಿಂದ ಮೆಲ್ಲಗೆ ದಾಟಿಸಿದ. ಇನ್ನು ಖಾಲಿ ಗೋಲು, ಹೊಡೆದರೆ ಆಯಿತು. ನಾವಾದರೆ ಕಣ್ಣುಮುಚ್ಚಿ ಹೊಡೆಯುತ್ತಿದ್ದೆವು. ಅವನು ಹೊಡೆಯುವ ಹಾಗೆ ಕಾಲೆತ್ತಿ ನಿಲ್ಲಿಸಿದ. ತಡೆಯಲು ಓಡಿ ಬಂದ ಡಿಫೆಂಡರ್ ಜಾರಿ ಆಚೆ ಹೋದ. ಮತ್ತೊಮ್ಮೆ ಹಾಗೇ ಮಾಡಿದ, ಇನ್ನೊಬ್ಬನೂ ನೆಲಕ್ಕೆ. ಆಮೇಲೆ ಏನೂ ಅವಸರವಿಲ್ಲದವನ ಹಾಗೆ ಚೆಂಡನ್ನು ಒಳಗೆ ಉರುಳಿಸಿದ. ಮೂರು ಜನ ನೆಲದ ಮೇಲೆ, ಇವನೊಬ್ಬ ನಿಂತಿದ್ದಾನೆ.

ಸೋಮಾರಿ ಎಂದು ಅವನನ್ನು ಬೈಯುವವರೂ ಇದ್ದರು. ಇಂಗ್ಲೆಂಡಿನ ಟಿವಿಯಲ್ಲಂತೂ ಪ್ರತಿ ವಾರ ಅದೇ ಚರ್ಚೆ. ಚೆಂಡು ಕೈತಪ್ಪಿದಾಗ ಅವನ ಹೆಗಲು ಇಳಿಯುತ್ತಿತ್ತು, ತಲೆ ಬಾಗುತ್ತಿತ್ತು. ಅದರಲ್ಲಿ ನಿಜ ಇಲ್ಲದಿಲ್ಲ. ದೊಡ್ಡ ತಂಡಗಳ ಮುಂದೆ ಅವನು ಕಾಣೆಯಾದ ಪಂದ್ಯಗಳು ನನಗೂ ನೆನಪುಂಟು. ಆದರೆ ಜರ್ಮನಿಯ ಅಭಿಮಾನಿಗಳು ತಮ್ಮ ರಾಷ್ಟ್ರೀಯ ತಂಡದ ವರ್ಷದ ಆಟಗಾರನೆಂದು ಐದು ಸಲ ಆರಿಸಿದ್ದು ಇವನನ್ನೇ: 2011, 2012, 2013, 2015, 2016. ಈ ಐದನ್ನು ನೆನಪಿಟ್ಟುಕೊಳ್ಳಿ, ಯಾಕೆಂದರೆ ಮುಂದೆ ಬರುವುದು ಅದೇ ಜನರ ಮಾತು.

ಇನ್ನು ಫೋಟೊಗಳಿಗೆ ಬರುವ. ಮೊದಲನೆಯದು ಬರ್ಲಿನ್‌ನಲ್ಲಿ, 2010ರ ಅಕ್ಟೋಬರ್‌ನಲ್ಲಿ. ಯೂರೋ ಕಪ್ ಅರ್ಹತಾ ಪಂದ್ಯ, ಎದುರಾಳಿ ತುರ್ಕಿ. ಸ್ಟೇಡಿಯಂ ಜರ್ಮನಿಯದ್ದಾದರೂ ಗ್ಯಾಲರಿಯಲ್ಲಿ ತುರ್ಕಿ ಬಾವುಟಗಳೇ ತುಂಬಿದ್ದವು. ಅಲ್ಲಿಯೇ ಹುಟ್ಟಿ ಬೆಳೆದ ತುರ್ಕಿ ಹುಡುಗರು ಓಝಿಲನ ಕಾಲಿಗೆ ಚೆಂಡು ಬಂದಾಗಲೆಲ್ಲ ಶಿಳ್ಳೆ ಹೊಡೆದು ಕೂಗಿದರು. ಅವರ ಕಣ್ಣಿಗೆ ಇವನು ತಮ್ಮನ್ನು ಬಿಟ್ಟು ಹೋದವನು. ಅವನು ಗೋಲು ಹೊಡೆದ, ಜರ್ಮನಿ 3-0 ಗೆದ್ದಿತು. ಗೋಲು ಹೊಡೆದವನು ಕೈ ಎತ್ತಲಿಲ್ಲ, ಕುಣಿಯಲಿಲ್ಲ, ಸುಮ್ಮನೆ ನಿಂತ. ಪಂದ್ಯ ಮುಗಿದ ಮೇಲೆ ಚಾನ್ಸಲರ್ ಅಂಗೆಲಾ ಮರ್ಕೆಲ್ ಡ್ರೆಸ್ಸಿಂಗ್ ರೂಮಿಗೆ ಬಂದರು. ಅಂಗಿ ಕಳಚಿ ನಿಂತಿದ್ದ ಓಝಿಲನ ಕೈ ಕುಲುಕುವ ಫೋಟೊ ಮರುದಿನ ಜರ್ಮನಿಯ ಪತ್ರಿಕೆಗಳಲ್ಲೆಲ್ಲ. ಅದೇ ವರ್ಷ ಅವನಿಗೆ ಬಾಂಬಿ ಎಂಬ ದೊಡ್ಡ ಪ್ರಶಸ್ತಿ ಸಿಕ್ಕಿತು. ಫುಟ್ಬಾಲಿಗಾಗಿ ಅಲ್ಲ, ಜರ್ಮನ್ ಸಮಾಜದಲ್ಲಿ ಬೆರೆತದ್ದಕ್ಕೆ. ಹುಟ್ಟಿದ ಊರಿನಲ್ಲೇ ಬೆಳೆದ ಇಪ್ಪತ್ತೆರಡರ ಹುಡುಗನಿಗೆ ಬೆರೆತದ್ದಕ್ಕೆ ಪ್ರಶಸ್ತಿ ಎಂದರೆ ಎಂತ ಹೇಳುವುದು? ಕೊಟ್ಟವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಆ ಪ್ರಶಸ್ತಿ ನೊಯರ್‌ಗೆ ಕೊಡಲು ಬರುವುದಿಲ್ಲ ಅಲ್ವಾ? ಹೊರಗಿನವನೆಂದು ಮೊದಲು ಒಪ್ಪಿಕೊಂಡರೆ ಮಾತ್ರ ಕೊಡಬಹುದಾದ ಪ್ರಶಸ್ತಿ ಅದು.

ಪಂದ್ಯದ ಮೊದಲು ಜರ್ಮನಿಯ ರಾಷ್ಟ್ರಗೀತೆ ಬರುವಾಗ ಅವನ ತುಟಿ ಹಾಡುತ್ತಿರಲಿಲ್ಲ. ಆ ಹೊತ್ತಿನಲ್ಲಿ ತಾನು ದುಆ ಮಾಡುತ್ತೇನೆಂದು ಅವನೇ ಹೇಳಿದ್ದಾನೆ. ಗೆಲ್ಲುವಾಗ ಯಾರಿಗೂ ಅದು ಕಾಣಲಿಲ್ಲ. 2012ರ ಯೂರೋ ಸೆಮಿಫೈನಲ್‌ನಲ್ಲಿ ಇಟಲಿಯ ಎದುರು ಸೋತ ಮೇಲೆ ಯಾರು ಹಾಡಿದರು, ಯಾರು ಹಾಡಲಿಲ್ಲ ಎಂಬ ಲೆಕ್ಕ ಶುರುವಾಯಿತು.

2014ರ ಬ್ರೆಝಿಲ್ ವಿಶ್ವಕಪ್ ಬಂದಾಗ ರಂಝಾನ್ ಕೂಡ ಬಂದಿತ್ತು. ನಾನು ಈಗ ಕೆಲಸದಲ್ಲಿದ್ದೇನೆ, ಹಾಗಾಗಿ ಉಪವಾಸ ಹಿಡಿಯುವುದಿಲ್ಲ ಎಂದು ಓಝಿಲ್ ಮುಚ್ಚುಮರೆಯಿಲ್ಲದೆ ಹೇಳಿದ. ನಮ್ಮಲ್ಲಿ ಆಗ ಕೆಲವರಿಗೆ ಬೇಸರವೂ ಆಗಿತ್ತು. ಪ್ರಯಾಣದಲ್ಲಿರುವವನಿಗೆ ಶರೀಅತ್ತಿನಲ್ಲಿ ರಿಯಾಯಿತಿ ಉಂಟು, ಆಮೇಲೆ ಖಝಾ ಮಾಡಿಕೊಳ್ಳಬೇಕು. ಅವನದ್ದು ಅವನಿಗೆ ಮತ್ತು ಅಲ್ಲಾಹನಿಗೆ ಗೊತ್ತು. (ಅಸರ್ ನಂತರ ಶಾಲೆಯ ಗ್ರೌಂಡಿನಲ್ಲಿ ಆಡುವವರಿಗೆ ಈ ರಿಯಾಯಿತಿ ಇಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ.) ಅದೇ ರಂಝಾನಿನಲ್ಲಿ ಜರ್ಮನಿಗೆ ಎದುರಾದದ್ದು ಅಲ್ಜೀರಿಯಾ. ನಿಗದಿತ ಹೊತ್ತಿನಲ್ಲಿ ಗೋಲೇ ಇಲ್ಲ. ಹೆಚ್ಚುವರಿ ಸಮಯದ ಕೊನೆಯಲ್ಲಿ ಓಝಿಲ್ ಹೊಡೆದ ಗೋಲಿನಿಂದ 2-0 ಆಗಿ, ಕೊನೆಗೆ 2-1ರಲ್ಲಿ ಜರ್ಮನಿ ಪಾರಾಯಿತು. ನಮ್ಮ ಓಣಿಯಲ್ಲಿ ಅಲ್ಜೀರಿಯಾ ಕಡೆ ಇದ್ದವರು ಎಷ್ಟು, ಓಝಿಲ್ ಕಡೆ ಇದ್ದವರು ಎಷ್ಟು ಎಂದು ಎಣಿಸಿದರೆ ಆ ರಾತ್ರಿ ಒಂದೇ ಮನೆಯೊಳಗೆ ಎರಡು ಪಕ್ಷ. ಆಮೇಲೆ ಸೆಮಿಫೈನಲ್‌ನಲ್ಲಿ ಬ್ರೆಝಿಲ್‌ಗೆ 7-1, ಜುಲೈ 13ರಂದು ಮರಕಾನದಲ್ಲಿ ಅರ್ಜೆಂಟೀನಾ ವಿರುದ್ಧ 1-0. ವಿಶ್ವಕಪ್. ಬ್ರೆಝಿಲ್‌ನ 23 ಮಕ್ಕಳ ಶಸ್ತ್ರಚಿಕಿತ್ಸೆಯ ಖರ್ಚು ತಾನು ಕೊಡುತ್ತೇನೆಂದು ಓಝಿಲ್ ಆಗ ತಿಳಿಸಿದ. ತಂಡದಲ್ಲಿ ಆಟಗಾರರು 23, ಅದಕ್ಕೆ 23 ಮಕ್ಕಳು.

ಎರಡನೇ ಫೋಟೊ 2016ರ ಮೇ ತಿಂಗಳದ್ದು. ಇಹ್‌ರಾಮಿನಲ್ಲಿ ಓಝಿಲ್, ಹಿಂದೆ ಕಅಬಾ. ನಮ್ಮ ಮಕ್ಕಳ ಮೊಬೈಲಿನಲ್ಲಿರುವುದು ಇದೇ. ಇಂಡೊನೇಶ್ಯದಿಂದ ಮೊರೊಕ್ಕೊವರೆಗೆ ಅವನಿಗೆ ಅಭಿಮಾನಿಗಳು ಕೋಟಿಗಟ್ಟಲೆ ಆದದ್ದರಲ್ಲಿ ಈ ಒಂದು ಫೋಟೊದ ಪಾಲು ಸಣ್ಣದಲ್ಲ. ಜರ್ಮನಿಯ ಬಲಪಂಥೀಯ ಪಕ್ಷದವರು ಇದನ್ನೂ ತಪ್ಪೆಂದರು. ಆದರೆ ಬಹುಪಾಲು ಜರ್ಮನರು ತಲೆಕೆಡಿಸಿಕೊಳ್ಳಲಿಲ್ಲ, ಆ ವರ್ಷವೂ ಅವನನ್ನೇ ಅತ್ಯುತ್ತಮ ಆಟಗಾರನೆಂದು ಆರಿಸಿದರು. ಇದನ್ನು ನಾವು ಹೇಳದೆ ಬಿಟ್ಟರೆ ಅನ್ಯಾಯವಾದೀತು.

ಮೂರನೆಯದೇ ದೊಡ್ಡದು. 2018ರ ಮೇ 13, ಲಂಡನ್. ತುರ್ಕಿಯ ಅಧ್ಯಕ್ಷ ಎರ್ದೊಗಾನ್ ಅಲ್ಲಿಗೆ ಬಂದಿದ್ದರು. ಓಝಿಲ್, ಗುಂಡೊಗಾನ್, ತುರ್ಕಿ ಆಟಗಾರ ಚೆಂಕ್ ತೋಸುನ್ ಅವರನ್ನು ಭೇಟಿಯಾಗಿ ಜೆರ್ಸಿ ಕೊಟ್ಟರು. ಗುಂಡೊಗಾನ್ ತನ್ನ ಜೆರ್ಸಿಯಲ್ಲಿ ನನ್ನ ಅಧ್ಯಕ್ಷರಿಗೆ ಗೌರವದಿಂದ ಎಂದು ಬರೆದುಕೊಟ್ಟಿದ್ದ. ತುರ್ಕಿಯಲ್ಲಿ ಚುನಾವಣೆಗೆ ಆರು ವಾರ ಉಳಿದಿತ್ತು. ಎರ್ದೊಗಾನ್ ಅವರ ಪಕ್ಷ ಆ ಫೋಟೊಗಳನ್ನು ಹಂಚಿತು. ಜರ್ಮನಿಯಲ್ಲಿ ಬೆಂಕಿ ಬಿತ್ತು. ತುರ್ಕಿಯಲ್ಲಿ ಪತ್ರಕರ್ತರನ್ನು ಜೈಲಿಗೆ ಹಾಕುತ್ತಿದ್ದಾರೆ, ಜರ್ಮನ್ ಪೌರರೂ ಅಲ್ಲಿ ಬಂಧನದಲ್ಲಿದ್ದರು, ಇಂಥ ಹೊತ್ತಿನಲ್ಲಿ ನಮ್ಮ ಆಟಗಾರರು ಹೋಗಿ ನಿಂತದ್ದು ಯಾಕೆ ಎಂಬ ಪ್ರಶ್ನೆ.

ಪ್ರಶ್ನೆ ಕೇಳಿದ್ದು ತಪ್ಪೆಂದು ನಾನು ಹೇಳುವುದಿಲ್ಲ. ಚುನಾವಣೆಯ ಹೊತ್ತಿನಲ್ಲಿ ಯಾವ ನಾಯಕನ ಪಕ್ಕ ನಿಂತರೂ ಅದು ಬರೀ ಫೋಟೊ ಆಗಿ ಉಳಿಯುವುದಿಲ್ಲ. ನಮ್ಮ ಊರಿನ ಪಂಚಾಯತ್ ಚುನಾವಣೆಯಲ್ಲೇ ಮದುವೆ ಊಟದ ಫೋಟೊಕ್ಕೆ ಎಷ್ಟು ಅರ್ಥ ಬರುತ್ತದೆ ಎಂದು ಎಲ್ಲರಿಗೂ ಗೊತ್ತು. ಗುಂಡೊಗಾನ್ ಪತ್ರಕರ್ತರ ಮುಂದೆ ಕೂತು ಉತ್ತರ ಕೊಟ್ಟ. ಇಬ್ಬರೂ ಜರ್ಮನಿಯ ಅಧ್ಯಕ್ಷ ಸ್ಟೈನ್‌ಮೈಯರ್ ಅವರನ್ನೂ ಕಂಡು ಬಂದರು. ಓಝಿಲ್ ಮಾತ್ರ ಎರಡು ತಿಂಗಳು ಬಾಯಿ ಬಿಡಲಿಲ್ಲ. ಅವನ ಸ್ವಭಾವವೇ ಹಾಗೆ. ಆದರೆ ಆ ಮೌನ ಅವನಿಗೆ ತುಂಬಾ ನಷ್ಟ ಮಾಡಿತು ಎಂದೇ ನನ್ನ ಅಭಿಪ್ರಾಯ.

ಮುಂದಿನ ತಿಂಗಳು ರಷ್ಯಾದಲ್ಲಿ ವಿಶ್ವಕಪ್. ಮೆಕ್ಸಿಕೊ ಎದುರು 0-1 ಸೋಲು. ಸ್ವೀಡನ್ ಎದುರು ಓಝಿಲ್‌ನನ್ನು ಹೊರಗೆ ಕೂರಿಸಿ 2-1 ಗೆಲುವು. ಜೂನ್ 27ರಂದು ದಕ್ಷಿಣ ಕೊರಿಯಾ ಎದುರು 0-2. 1938ರ ನಂತರ ಮೊದಲ ಬಾರಿಗೆ ಜರ್ಮನಿ ಮೊದಲ ಸುತ್ತಿನಲ್ಲೇ ಗಂಟುಮೂಟೆ ಕಟ್ಟಿತು. ಇಡೀ ತಂಡ ಕೆಟ್ಟದಾಗಿ ಆಡಿತ್ತು. ಕೊರಿಯಾ ಪಂದ್ಯದಲ್ಲಿ ಗೋಲಿನ ಅವಕಾಶ ಮಾಡಿಕೊಟ್ಟವರಲ್ಲಿ ಓಝಿಲನೇ ಮುಂದಿದ್ದ. ತಲೆಗೆ ಚೆಂಡು ಇಟ್ಟುಕೊಟ್ಟರೂ ಹುಮ್ಮೆಲ್ಸ್ ಹೊರಗೆ ಹೊಡೆದ. ಆದರೆ ಸೋಲಿನ ಮಾತು ಬಂದಾಗ ಮುಂದೆ ಬಂದದ್ದು ಆ ಲಂಡನ್ ಫೋಟೊ. ಜರ್ಮನ್ ಫುಟ್ಬಾಲ್ ಸಂಸ್ಥೆಯ ಮ್ಯಾನೇಜರ್ ಬಿಯರ್‌ಹೋಫ್, ಅವನನ್ನು ತಂಡಕ್ಕೆ ತೆಗೆದುಕೊಳ್ಳದಿರುವ ಬಗ್ಗೆ ಯೋಚಿಸಬೇಕಿತ್ತು ಎಂಬ ಅರ್ಥದ ಮಾತಾಡಿದರು, ಆಮೇಲೆ ತಾನು ಹೇಳಿದ್ದು ಸರಿಯಾಗಲಿಲ್ಲ ಎಂದರು. ಸಂಸ್ಥೆಯ ಅಧ್ಯಕ್ಷ ಗ್ರಿಂಡೆಲ್ ಓಝಿಲ್ ವಿವರಣೆ ಕೊಡಲೇಬೇಕೆಂದರು.

ವಿವರಣೆ ಬಂತು. 2018ರ ಜುಲೈ 22ರಂದು ಓಝಿಲ್ ಟ್ವಿಟರಿನಲ್ಲಿ ಮೂರು ಭಾಗದಲ್ಲಿ ಉದ್ದದ ಹೇಳಿಕೆ ಹಾಕಿದ. ನನಗೆ ಎರಡು ಹೃದಯ, ಒಂದು ಜರ್ಮನ್, ಒಂದು ತುರ್ಕಿ ಎಂದ. ಬಂದ ಬೇರನ್ನು ಮರೆಯಬೇಡ ಎಂದು ತಾಯಿ ಕಲಿಸಿದ್ದನ್ನು ಬರೆದ. ಫೋಟೊ ತೆಗೆಸಿಕೊಂಡದ್ದು ರಾಜಕೀಯವಲ್ಲ, ನನ್ನ ಹಿರಿಯರ ದೇಶದ ಅತಿ ದೊಡ್ಡ ಹುದ್ದೆಗೆ ಕೊಟ್ಟ ಗೌರವ ಎಂದ. ಪೊಡೋಲ್‌ಸ್ಕಿಯನ್ನು, ಕ್ಲೋಸೆಯನ್ನು ಯಾರೂ ಜರ್ಮನ್-ಪೋಲಿಷ್ ಎನ್ನುವುದಿಲ್ಲ. ನಾನು ಮಾತ್ರ ಯಾಕೆ ಇವತ್ತಿಗೂ ಜರ್ಮನ್-ತುರ್ಕಿ? ತುರ್ಕಿ ಎಂಬ ಕಾರಣಕ್ಕಾ, ಮುಸ್ಲಿಂ ಎಂಬ ಕಾರಣಕ್ಕಾ ಎಂದು ಕೇಳಿದ. ಗೆದ್ದಾಗ ನಾನು ಜರ್ಮನ್, ಸೋತಾಗ ವಲಸೆ ಬಂದವನು ಎಂಬ ಅವನ ಮಾತು ಅಂದು ಜಗತ್ತಿನ ಪತ್ರಿಕೆಗಳ ಮುಖಪುಟದಲ್ಲಿ ಬಂತು. ಜರ್ಮನಿಗೆ ಇನ್ನು ಆಡುವುದಿಲ್ಲ ಎಂದು ಮುಗಿಸಿದ. 92 ಪಂದ್ಯ, 23 ಗೋಲು.

ಆ ಹೇಳಿಕೆಯಲ್ಲಿ ನನಗೆ ಹೆಚ್ಚು ತಟ್ಟಿದ್ದು ಇದ್ಯಾವುದೂ ಅಲ್ಲ. ಗೆಲ್ಸೆನ್‌ಕಿರ್ಷೆನ್‌ನಲ್ಲಿ ಅವನು ಕಲಿತ ಶಾಲೆಯ ಮಕ್ಕಳಿಗಾಗಿ ಒಂದು ಕಾರ್ಯಕ್ರಮಕ್ಕೆ ಅವನು ಹೋಗುವುದಿತ್ತು. ಫೋಟೊ ಗಲಾಟೆ ಆದ ಮೇಲೆ ಶಾಲೆಯವರು ಈಗ ಬರುವುದು ಬೇಡ ಎಂದರು ಎಂದು ಬರೆದಿದ್ದ. ವಿಶ್ವಕಪ್ ಗೆದ್ದವನಿಗೆ ತಾನು ಕಲಿತ ಶಾಲೆಯ ಗೇಟು ಮುಚ್ಚುವುದೆಂದರೆ, ಕಲಿಸುವ ಕೆಲಸದಲ್ಲಿರುವವನಿಗೆ ಅದನ್ನು ಓದಿ ಸುಮ್ಮನಿರಲಾಗುವುದಿಲ್ಲ. ಬಯರ್ನ್ ಮ್ಯೂನಿಕ್‌ನ ಹೋನೆಸ್, ಅವನು ವರ್ಷಗಳಿಂದ ಕಸದ ಹಾಗೆ ಆಡುತ್ತಿದ್ದ ಎಂಬ ಅರ್ಥದಲ್ಲಿ ಬೈದರು. ಗ್ರಿಂಡೆಲ್ ತನ್ನಲ್ಲಿ ಜನಾಂಗಭೇದ ಇಲ್ಲವೆಂದರು; ಮುಂದಿನ ವರ್ಷ ಬೇರೆಯೇ ವಿಷಯದಲ್ಲಿ, ಉಡುಗೊರೆಯಾಗಿ ಪಡೆದ ಒಂದು ವಾಚಿನ ಗಲಾಟೆಯಲ್ಲಿ ರಾಜೀನಾಮೆ ಕೊಟ್ಟು ಹೋದರು. ಅದೇ 2018ರ ಡಿಸೆಂಬರ್‌ನಲ್ಲಿ ಗೆಲ್ಸೆನ್‌ಕಿರ್ಷೆನ್ ಪಕ್ಕದ ಬೊಟ್ರೊಪ್‌ನಲ್ಲಿ ಜರ್ಮನಿಯ ಕೊನೆಯ ಕಲ್ಲಿದ್ದಲು ಗಣಿಯೂ ಮುಚ್ಚಿತು. ಅಜ್ಜಂದಿರನ್ನು ಕರೆತಂದ ಕೆಲಸವೇ ಮುಗಿದುಹೋಯಿತು.

ಅದೇ ಫೋಟೊದಲ್ಲಿದ್ದ ಗುಂಡೊಗಾನ್‌ನನ್ನೂ ಜರ್ಮನಿಯ ಮೈದಾನದಲ್ಲಿ ಕೂಗಿ ಅವಮಾನಿಸಿದ್ದರು. ಆದರೆ ಅವನು ಉಳಿದ. 2024ರಲ್ಲಿ ಜರ್ಮನಿಯಲ್ಲೇ ಯೂರೋ ಕಪ್ ನಡೆದಾಗ ಆ ತಂಡದ ನಾಯಕ ಅವನೇ. ಒಂದೇ ಊರು, ಒಂದೇ ಬಗೆಯ ಮನೆ, ಒಂದೇ ಫೋಟೊ. ಒಬ್ಬ ಹೋದ, ಇನ್ನೊಬ್ಬ ಕ್ಯಾಪ್ಟನ್ ಆದ. ಇದರಲ್ಲಿ ಯಾರು ಸರಿ ಎಂದು ಹುಡುಗರು ಕೇಳಿದರೆ ನನ್ನಲ್ಲಿ ಉತ್ತರ ಇಲ್ಲ. ಉಳಿಯಲು ಒಂದು ಧೈರ್ಯ ಬೇಕು, ಹೊರಡಲು ಇನ್ನೊಂದು.

2019ರ ಡಿಸೆಂಬರ್ 13, ಶುಕ್ರವಾರ. ಚೀನಾದ ಶಿನ್‌ಜಿಯಾಂಗ್‌ನಲ್ಲಿ ಉಯಿಗುರ್ ಮುಸ್ಲಿಮರ ಮೇಲೆ ನಡೆಯುತ್ತಿರುವುದರ ಬಗ್ಗೆ ಓಝಿಲ್ ತುರ್ಕಿ ಭಾಷೆಯಲ್ಲಿ ಬರೆದ. ಚೀನಾವನ್ನು ಮಾತ್ರವಲ್ಲ, ಸುಮ್ಮನಿರುವ ಮುಸ್ಲಿಮರನ್ನೂ ಅದರಲ್ಲಿ ಕೇಳಿದ್ದ. ಆರ್ಸೆನಲ್ ಕೂಡಲೇ ಇದು ಅವನ ಸ್ವಂತ ಅಭಿಪ್ರಾಯ, ನಾವು ರಾಜಕೀಯದಲ್ಲಿ ಇಲ್ಲ ಎಂದಿತು. ಚೀನಾದ ಸರಕಾರಿ ಟಿವಿ ಆ ಭಾನುವಾರದ ಆರ್ಸೆನಲ್-ಮ್ಯಾಂಚೆಸ್ಟರ್ ಸಿಟಿ ಪಂದ್ಯವನ್ನು ತೋರಿಸಲಿಲ್ಲ. ಮಕ್ಕಳು ಆಡುವ ಫುಟ್ಬಾಲ್ ವಿಡಿಯೊ ಗೇಮ್‌ನ ಚೀನಾ ಆವೃತ್ತಿಯಿಂದ ಅವನ ಹೆಸರನ್ನೇ ಅಳಿಸಿದರು. ಎಷ್ಟೋ ಮುಸ್ಲಿಂ ದೇಶಗಳ ಸರಕಾರಗಳು ಆಗ ಚೀನಾದ ಕಡೆಗೇ ನಿಂತಿದ್ದವು ಎಂಬುದನ್ನು ನೆನಪಿಸಿಕೊಂಡರೆ ಒಬ್ಬ ಆಟಗಾರ ಬರೆದ ಆ ನಾಲ್ಕು ಸಾಲಿನ ತೂಕ ಗೊತ್ತಾಗುತ್ತದೆ.

2020ರ ಮಾರ್ಚ್ 7ರಂದು ವೆಸ್ಟ್ ಹ್ಯಾಮ್ ವಿರುದ್ಧ ಆಡಿದ್ದೇ ಆರ್ಸೆನಲ್‌ಗೆ ಅವನ ಕೊನೆಯ ಪಂದ್ಯ. ಅಲ್ಲಿಗೆ 254 ಪಂದ್ಯ, 44 ಗೋಲು. ಅಕ್ಟೋಬರ್‌ನಲ್ಲಿ ಲೀಗ್‌ನ 25 ಜನರ ಪಟ್ಟಿಯಿಂದಲೇ ಹೊರಗಿಟ್ಟರು. ಇದು ಆಟದ ಕಾರಣಕ್ಕೆ ಮಾತ್ರ ಎಂದು ಕೋಚ್ ಅರ್ಟೆಟಾ ಹೇಳಿದರು. ಅವನ ಆಟ ಇಳಿದದ್ದೂ ಹೌದು, ಕೊರೋನ ಹೊತ್ತಿನಲ್ಲಿ ಸಂಬಳ ಕಡಿತಕ್ಕೆ ಒಪ್ಪದವರಲ್ಲಿ ಅವನಿದ್ದದ್ದೂ ಹೌದು. ವಾರಕ್ಕೆ 3,50,000 ಪೌಂಡ್ ಸಂಬಳ ಪಡೆದು ಗ್ಯಾಲರಿಯಲ್ಲಿ ಕೂತವನ ಬಗ್ಗೆ ಇಂಗ್ಲೆಂಡಿನವರು ಸಿಟ್ಟಾದದ್ದು ಅರ್ಥವಾಗುತ್ತದೆ. ಕ್ಲಬ್ಬಿನ ಡೈನೋಸಾರ್ ವೇಷ ಹಾಕಿ ಮಕ್ಕಳನ್ನು ನಗಿಸುತ್ತಿದ್ದ ನೌಕರನನ್ನು ಅದೇ ದಿನಗಳಲ್ಲಿ ಕೆಲಸದಿಂದ ತೆಗೆದಾಗ, ಅವನ ಸಂಬಳ ನಾನು ಕೊಡುತ್ತೇನೆ ಎಂದದ್ದೂ ಇದೇ ಓಝಿಲ್.

ಆಟದಿಂದ ದೂರವಾದ ಹಾಗೆ ಅವನ ಚಿತ್ರ ದೊಡ್ಡದಾಗುತ್ತಲೇ ಹೋಯಿತು. 2022ರ ಕತಾರ್ ವಿಶ್ವಕಪ್‌ನಲ್ಲಿ ಜಪಾನ್ ಎದುರಿನ ಪಂದ್ಯದ ಮೊದಲು, ನಾಯಕನ ತೋಳುಪಟ್ಟಿಯೊಂದಕ್ಕೆ ಫಿಫಾ ಅವಕಾಶ ಕೊಡದ್ದಕ್ಕೆ ಜರ್ಮನ್ ಆಟಗಾರರು ಬಾಯಿಗೆ ಕೈ ಮುಚ್ಚಿ ಫೋಟೊಗೆ ನಿಂತರು. ನಾಲ್ಕು ದಿನ ಕಳೆದು ಸ್ಪೇನ್ ಪಂದ್ಯದಲ್ಲಿ ಗ್ಯಾಲರಿಯ ಒಂದು ಗುಂಪು ಓಝಿಲನ ಚಿತ್ರಗಳನ್ನು ಎತ್ತಿ ಹಿಡಿದು ಅದೇ ರೀತಿ ಬಾಯಿ ಮುಚ್ಚಿಕೊಂಡಿತು. ನಿಮ್ಮವನ ಬಾಯಿ ಮುಚ್ಚಿಸಿದವರು ನೀವೇ ಅಲ್ಲವಾ ಎಂದು ಕೇಳಿದ ಹಾಗೆ. ಅಂದು ಆ ವಿಡಿಯೊ ನನ್ನ ವಾಟ್ಸ್ಆ್ಯಪ್‌ಗೆ ಬಂದದ್ದು ಎಷ್ಟು ಕಡೆಯಿಂದ ಎಂದು ಲೆಕ್ಕವಿಲ್ಲ. ನಾನೂ ಇನ್ನೊಬ್ಬರಿಗೆ ಕಳಿಸಿದೆ. ಅವನು ಅಲ್ಲಿ ಇರಲಿಲ್ಲ. ಅವನನ್ನು ಯಾರೂ ಕೇಳಿಯೂ ಇರಲಿಲ್ಲ.

2023ರ ಜುಲೈನಲ್ಲಿ ಇನ್ನೊಂದು ಫೋಟೊ ಬಂತು. ಇದನ್ನು ಯಾರೂ ನನಗೆ ಕಳಿಸಲಿಲ್ಲ. ಜಿಮ್ಮಿನಲ್ಲಿ ಓಝಿಲ್, ಎದೆಯ ಮೇಲೆ ಹಚ್ಚೆ: ಮೂರು ಅರ್ಧಚಂದ್ರ, ಊಳಿಡುವ ತೋಳ. ಹಚ್ಚೆಯ ಮಸ್‌ಅಲ ಇರಲಿ, ಆ ತೋಳ ತುರ್ಕಿಯ 'ಬೂದು ತೋಳ' ಎಂಬ ಕಟ್ಟಾ ಜನಾಂಗವಾದಿಗಳ ಗುರುತು. ಅಲ್ಲಿಯ ಕುರ್ದರು, ಅರ್ಮೇನಿಯದವರು ಆ ಗುರುತು ಕಂಡರೆ ಹೆದರುತ್ತಾರೆ. ಕುರ್ದರಲ್ಲಿ ಹೆಚ್ಚಿನವರು ಮುಸ್ಲಿಮರೇ. ನೀನು ನಮ್ಮವನಲ್ಲ ಎಂಬ ಮಾತಿನ ನೋವು ಉಂಡವನ ಎದೆಯಲ್ಲೇ ಬೇರೆಯವರಿಗೆ ಅದೇ ಮಾತು ಹೇಳುವ ಚಿಹ್ನೆ. ಉಮ್ರಾದ ಫೋಟೊ ತೋರಿಸಿ ಹೆಮ್ಮೆಪಡುವ ನಾವು ಇದನ್ನು ಕಾಣದ ಹಾಗೆ ಇರುವುದು ಸರಿಯಲ್ಲವೆಂದು ಬರೆಯುತ್ತಿದ್ದೇನೆ. 2025ರ ಫೆಬ್ರವರಿಯಲ್ಲಿ ಎರ್ದೊಗಾನ್ ಅವರ ಪಕ್ಷದ ಕೇಂದ್ರ ಸಮಿತಿಗೂ ಅವನು ಸೇರಿದ. ಅಂದರೆ 2018ರಲ್ಲಿ ರಾಜಕೀಯವಲ್ಲ ಎಂದಿದ್ದ ಫೋಟೊವನ್ನು ಜರ್ಮನರು ಈಗ ಮತ್ತೆ ತೆಗೆದು ನೋಡುತ್ತಿರಬಹುದು. ಅವರು ಅಂದು ಬಾಗಿಲು ಮುಚ್ಚದೆ ಇದ್ದಿದ್ದರೆ ಇವನು ಅಷ್ಟು ದೂರ ಹೋಗುತ್ತಿದ್ದನಾ ಎಂದೂ ಕೇಳಿಕೊಳ್ಳಬಹುದು.

ಹುಡುಗನಿಗೆ ನಾನು ಇದೆಲ್ಲ ಹೇಳಲಿಲ್ಲ. ಹೇಳಿದ್ದು ಲುಡೊಗೊರೆಟ್ಸ್ ಗೋಲು ಮತ್ತು ಒಂದು ನಂಬರಿನ ಕಥೆ. 2021ರ ಜನವರಿಯಲ್ಲಿ ಅವನು ಆರ್ಸೆನಲ್ ಬಿಟ್ಟು ಇಸ್ತಾಂಬುಲಿನ ಫೆನರ್‌ಬಾಚೆ ಸೇರಿದ, ಚಿಕ್ಕಂದಿನಿಂದ ಇಷ್ಟಪಟ್ಟ ಕ್ಲಬ್ಬು. ಅಲ್ಲಿ ಹಾಕಿಕೊಂಡದ್ದು 10 ಅಲ್ಲ, 11 ಅಲ್ಲ, 67. ನಮ್ಮಲ್ಲಿ ಮಂಗಳೂರಿನ ಗಾಡಿಗೆ 19 ಇರುವ ಹಾಗೆ ತುರ್ಕಿಯಲ್ಲಿ ಝೊಂಗುಲ್ಡಾಕ್‌ನ ಗಾಡಿಗಳಿಗೆ 67. ಅಜ್ಜ ಬಿಟ್ಟು ಬಂದ ಊರು, ಇವನು ಬಾಳಿ ನೋಡದ ಊರು. ಜರ್ಮನಿಯಿಂದ ಮರಳಿದವರನ್ನು ತುರ್ಕಿಯಲ್ಲಿ 'ಅಲ್‌ಮಾಂಜಿ' ಎನ್ನುತ್ತಾರೆ. ಜರ್ಮನಿಯವನು ಎಂದರ್ಥ, ಸ್ವಲ್ಪ ಕುಹಕವೂ ಸೇರಿ. ನಾವು ಗಲ್ಫಿನವ ಎನ್ನುವ ಹಾಗೆ. ಅಲ್ಲಿ ಅವನ ಆಟ ಹೆಚ್ಚು ನಡೆಯಲಿಲ್ಲ. ಗಾಯ, ಕ್ಲಬ್ಬಿನವರೊಂದಿಗೆ ಮನಸ್ತಾಪ, ಕೊನೆಗೆ ಬಶಕ್‌ಶೆಹಿರ್ ಎಂಬ ಇನ್ನೊಂದು ಕ್ಲಬ್ಬಿನಲ್ಲಿ ಕೆಲವೇ ಪಂದ್ಯ. 34ನೇ ವಯಸ್ಸಿಗೆ ಮುಗಿಸಿದ.

ಶನಿವಾರ ಹುಡುಗ ಮತ್ತೆ ಅದೇ ಜೆರ್ಸಿಯಲ್ಲಿ ಬಂದಿದ್ದ. ಗೋಲು ನೋಡಿದನಂತೆ, ಹತ್ತು ಸಲ. 67ರ ಜೆರ್ಸಿ ಸಿಗುತ್ತದಾ ನೋಡು ಎಂದು ದುಬೈಯ ಅಣ್ಣನಿಗೆ ವಾಯ್ಸ್ ಕಳಿಸಿದ್ದಾನೆ. ಅಣ್ಣ ಇನ್ನೂ ಕೇಳಿಲ್ಲವಂತೆ, ಡ್ಯೂಟಿಯಲ್ಲಿದ್ದಾನೆ.